ಹಣ ಯಾರ ಕೈಗೆ?

ತಿಂಗಳ ಮೊದಲ ತಾರೀಖು ಬಂತೆಂದರೆ ಸಂಬಳದ ಮನೆಗಳಲ್ಲಿ ಒಂದು ಸಣ್ಣ ವಿಧಿ ನಡೆಯುತ್ತಿದ್ದುದುಂಟು. ಯಜಮಾನರು ಕಚೇರಿಯಿಂದ ಬಂದು, ಕೋಟನ್ನು ಗೂಟಕ್ಕೆ ತಗುಲಿಹಾಕಿ, ಸಂಬಳದ ಲಕೋಟೆಯನ್ನು ದೇವರ ಮುಂದಿಟ್ಟು, ಆಮೇಲೆ ಅದರಿಂದ ಇಷ್ಟೆಂದು ಎಣಿಸಿ ಮನೆಯಾಕೆಯ ಕೈಗೆ ಕೊಡುವರು. ಆಕೆ ಅದರಲ್ಲಿ ಹಾಲಿನವನ ಬಾಕಿ, ದಿನಸಿ ಅಂಗಡಿಯ ಲೆಕ್ಕ, ಮಕ್ಕಳ ಶಾಲೆಯ ಫೀಜು ಎಲ್ಲವನ್ನೂ ತೀರಿಸಿ, ಉಳಿದ ನಾಲ್ಕು ಕಾಸನ್ನು ಸಾಸಿವೆ ಡಬ್ಬಿಯ ತಳದಲ್ಲಿ ಸೇರಿಸಿಡುವಳು. ಆ ಡಬ್ಬಿಯ ಹಣದಿಂದ ಎಷ್ಟು ಪರೀಕ್ಷೆಗಳ ಶುಲ್ಕ ಸಂದಿದೆ, ಎಷ್ಟು ಜ್ವರಗಳಿಗೆ ಔಷಧ ಬಂದಿದೆ ಎಂಬುದನ್ನು ಯಾವ ಲೆಕ್ಕದ ಪುಸ್ತಕವೂ ಹೇಳದು. ಹಾಗಾದರೆ ಆ ಡಬ್ಬಿಯ ಹಣ ಯಾರದು? ಸಂಪಾದಿಸಿದವನದೋ, ಉಳಿಸಿದವಳದೋ?

ಈ ಪ್ರಶ್ನೆಯನ್ನು ಎತ್ತಿದವರನ್ನು ನೋಡಿ ನಮ್ಮಲ್ಲಿ ಜನ ನಕ್ಕಾರು. ಇಂಗ್ಲೆಂಡಿನಲ್ಲಿ ಇದು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಆಕ್ಸ್‌ಫರ್ಡಿನ ಗೃಹಿಣಿಯೊಬ್ಬಳು ಮನೆವಾರ್ತೆಗೆಂದು ಗಂಡ ಕೊಡುತ್ತಿದ್ದ ಹಣದಲ್ಲಿ ಸ್ವಲ್ಪಸ್ವಲ್ಪವಾಗಿ ಉಳಿಸಿ, ಸಹಕಾರ ಸಂಘದಲ್ಲಿ ನೂರು ಪೌಂಡಿಗೆ ಮೇಲ್ಪಟ್ಟು ಕೂಡಿಸಿದ್ದಳು. ಗಂಡಹೆಂಡಿರು ಬೇರೆಯಾದ ಮೇಲೆ ಆ ಗಂಟು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಹುಟ್ಟಿತು. 1943ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಪು ಕೊಟ್ಟಿತು: ಹಣ ಗಂಡನದು. ಮನೆ ನಡೆಸಲು ಕೊಟ್ಟದ್ದರಲ್ಲಿ ಮಿಕ್ಕದ್ದು ಕೊಟ್ಟವನಿಗೇ ಸೇರತಕ್ಕದ್ದು. ಅರೆಹೊಟ್ಟೆ ಉಂಡು ಉಳಿಸಿದ್ದೇ ಆಗಲಿ, ಜಾಣತನದಿಂದ ಉಳಿಸಿದ್ದೇ ಆಗಲಿ, ಹೆಂಡತಿಗೆ ಅದರಲ್ಲಿ ಹಕ್ಕಿಲ್ಲ. ಈ ನಿಯಮ ಬದಲಾಗಿ, ಅಂಥ ಉಳಿತಾಯ ಇಬ್ಬರಿಗೂ ಸಮಪಾಲು ಎಂಬ ಕಾನೂನು ಅಲ್ಲಿ ಬಂದದ್ದು 1964ರಲ್ಲಿ.

ಆ ತೀರ್ಪಿನ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1945ರಲ್ಲಿ, ಬ್ರಿಟನ್ನಿನ ಪಾರ್ಲಿಮೆಂಟಿನ ಮುಂದೆ ಒಂದು ಮಸೂದೆ ಬಂತು. ಮನೆಯ ಮೊದಲ ಮಗುವನ್ನು ಬಿಟ್ಟು ಉಳಿದ ಪ್ರತಿಯೊಂದು ಮಗುವಿಗೂ ಸರ್ಕಾರ ವಾರಕ್ಕೆ ಐದು ಷಿಲಿಂಗು ಕೊಡುವುದೆಂದು ಅದರ ಸಾರ. ಕೊಡಬೇಕೇ ಬೇಡವೇ ಎಂಬ ವಾದ ಅಷ್ಟು ಹೊತ್ತಿಗೆ ಮುಗಿದಿತ್ತು. ಕೊನೆಯ ಜಗಳ ಉಳಿದದ್ದು ಒಂದೇ ಶಬ್ದದ ಮೇಲೆ. ಈ ಹಣ ತಂದೆಯ ಸ್ವತ್ತೋ, ತಾಯಿಯ ಸ್ವತ್ತೋ? ಆ ಒಂದು ಶಬ್ದದ ಹಿಂದೆ ಸುಮಾರು ಮೂವತ್ತು ವರ್ಷಗಳ ವಾದವಿವಾದದ ಕಥೆಯಿದೆ. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುವ ಉದ್ದೇಶ ನಮ್ಮದು.

ಕಥೆಯ ಮೊದಲಿಗೆ ಬಡತನದ ಲೆಕ್ಕ ಬರುತ್ತದೆ. 1899ರಲ್ಲಿ ಸೀಬೋಮ್ ರೌಂಟ್ರಿ ಎಂಬುವರು ಯಾರ್ಕ್ ನಗರದ ದುಡಿಯುವ ಜನರ ಮನೆಮನೆಯ ಸ್ಥಿತಿಯನ್ನು ವಿಚಾರಿಸಿದರು. 1901ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ತಿಳಿದುಬಂದದ್ದು ಇದು: ಊರಿನ ಜನರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಬಡತನದಲ್ಲಿದ್ದರು. ಅದಕ್ಕೆ ಸೋಮಾರಿತನ, ಕುಡಿತ ಇವೇ ಕಾರಣವೆಂದು ಉಳ್ಳವರು ನಂಬಿದ್ದರು. ಆದರೆ ಕಡುಬಡವರ ಲೆಕ್ಕ ತೆಗೆದು ನೋಡಿದಾಗ ಮೊದಲನೆಯ ಕಾರಣ ಕಡಮೆ ಕೂಲಿ, ಎರಡನೆಯದು ದೊಡ್ಡ ಸಂಸಾರ. ಕೂಲಿಕಾರನ ಬದುಕಿನಲ್ಲಿ ಬಡತನ ಮೂರು ಸಲ ಬರುತ್ತದೆಂದು ಅವರು ತೋರಿಸಿದರು: ತಾನು ಮಗುವಾಗಿದ್ದಾಗ, ತನ್ನ ಮಕ್ಕಳು ಚಿಕ್ಕವರಾಗಿದ್ದಾಗ, ಮತ್ತು ಮುಪ್ಪಿನಲ್ಲಿ. ಎಂದರೆ ಬಾಯಿಗಳು ಹೆಚ್ಚಾದಾಗ ಕೂಲಿ ಹೆಚ್ಚಾಗುವುದಿಲ್ಲ. ಮಕ್ಕಳು ಬೆಳೆಯಬೇಕಾದ ವರ್ಷಗಳೇ ಮನೆಯಲ್ಲಿ ಅನ್ನ ಸಾಲದ ವರ್ಷಗಳು.

ಈ ಸಂಗತಿಯನ್ನು ಹಿಡಿದು ಜನ್ಮವಿಡೀ ಹೋರಾಡಿದವರು ಎಲಿನರ್ ರಾತ್‌ಬೋನ್. 1872ರಲ್ಲಿ ಹುಟ್ಟಿದ ಆಕೆ ಲಿವರ್‌ಪೂಲಿನ ಶ್ರೀಮಂತ ವರ್ತಕರ ಮನೆತನದವರು. ಬಡವರ ಮನೆಬಾಗಿಲಿಗೆ ದಾದಿಯರನ್ನು ಕಳುಹಿಸುವ ವ್ಯವಸ್ಥೆಯನ್ನು ಮೊದಲು ಮಾಡಿದವರಲ್ಲಿ ಆಕೆಯ ತಂದೆ ವಿಲಿಯಂ ರಾತ್‌ಬೋನ್ ಒಬ್ಬರು. ಮಗಳು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ಮದುವೆಯ ಗೊಡವೆಗೆ ಹೋಗದೆ, ಊರಿನ ಬಡಕೇರಿಗಳಲ್ಲಿ ಕೆಲಸಕ್ಕೆ ನಿಂತರು. ಹಡಗುಕಟ್ಟೆಯ ಕೂಲಿಗಳಿಗೆ ಇಂದು ಕೆಲಸವುಂಟು, ನಾಳೆ ಇಲ್ಲ. ಈ ವಾರ ಕೈತುಂಬ, ಮುಂದಿನ ವಾರ ಕೈ ಖಾಲಿ. ಅಂಥ ಮನೆಗಳ ಖರ್ಚುವೆಚ್ಚದ ಪಟ್ಟಿಗಳನ್ನು ಕೂಡಿಸಿ 1909ರಲ್ಲಿ ಆಕೆ ಒಂದು ವರದಿಯನ್ನು ಹೊರತಂದರು. ಅದೇ ವರ್ಷ ಲಿವರ್‌ಪೂಲ್ ನಗರಸಭೆಯ ಸದಸ್ಯೆಯೂ ಆದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಗಂಡಸರು ಸೈನ್ಯಕ್ಕೆ ಹೋದರು. ಸಿಪಾಯಿಗಳ ಹೆಂಡಿರಿಗೆ ಸರ್ಕಾರ ವಾರವಾರ ಭತ್ಯೆ ಕೊಡತೊಡಗಿತು. ಮಕ್ಕಳ ಸಂಖ್ಯೆಗೆ ತಕ್ಕಂತೆ ಅದು ಏರುತ್ತಿತ್ತು. ಲಿವರ್‌ಪೂಲಿನಲ್ಲಿ ಇದನ್ನು ಹಂಚುವ ಏರ್ಪಾಟಿನ ಹೊಣೆ ರಾತ್‌ಬೋನರ ಹೆಗಲ ಮೇಲೆ ಬಿತ್ತು. ಮೊದಮೊದಲು ಪತ್ರಿಕೆಗಳಲ್ಲಿ ಗುಲ್ಲೋ ಗುಲ್ಲು. ಗಂಡ ಕಂದಕದಲ್ಲಿ ಸಾಯುತ್ತಿರುವಾಗ ಹೆಂಡತಿ ಸರ್ಕಾರದ ದುಡ್ಡಿನಲ್ಲಿ ಕುಡಿಯುತ್ತಿದ್ದಾಳೆ ಎಂಬ ದೂರು. ಹೆಂಗಸರ ನಡತೆಯ ಮೇಲೆ ಕಣ್ಣಿಡಬೇಕೆಂದು ಪೊಲೀಸರಿಗೂ ಸೂಚನೆ ಹೋಯಿತು. ಆದರೆ ರಾತ್‌ಬೋನರೂ ಅವರ ಸಂಗಡಿಗರೂ ಮನೆಗಳ ಒಳಗೆ ಹೋಗಿ ಕಂಡದ್ದು ಬೇರೆ. ಮಕ್ಕಳ ಕಾಲಿಗೆ ಬೂಟು ಬಂದಿತ್ತು. ಮುಖದಲ್ಲಿ ರಕ್ತ ತುಂಬಿತ್ತು. ಗಂಡ ಮನೆಯಲ್ಲಿಲ್ಲದಿದ್ದರೂ, ಯುದ್ಧದ ಬೆಲೆಯೇರಿಕೆ ಇದ್ದರೂ, ಎಷ್ಟೋ ಮನೆಗಳು ಹಿಂದಿಗಿಂತ ಚೆನ್ನಾಗಿದ್ದವು.

ಇದಕ್ಕೆ ಕಾರಣವೇನು? ಹಣದ ಮೊತ್ತವೊಂದೇ ಅಲ್ಲ. ಮೊದಲನೆಯದಾಗಿ, ಆ ಹಣ ಪ್ರತಿ ವಾರ ತಪ್ಪದೆ ಬರುತ್ತಿತ್ತು. ಎರಡನೆಯದಾಗಿ, ಮಕ್ಕಳೆಷ್ಟೋ ಅದಕ್ಕೆ ತಕ್ಕಂತೆ ಬರುತ್ತಿತ್ತು. ಮೂರನೆಯದಾಗಿ, ಅದು ನೇರವಾಗಿ ತಾಯಿಯ ಕೈಗೆ ಬರುತ್ತಿತ್ತು. ಶನಿವಾರ ಸಂಜೆ ಗಂಡ ಎಷ್ಟು ತರುವನೋ, ದಾರಿಯಲ್ಲಿ ಎಷ್ಟು ಸೋರುವುದೋ ಎಂದು ಕಾಯುತ್ತ ಕೂರುವ ಕಷ್ಟ ಆಕೆಗೆ ತಪ್ಪಿತ್ತು. ಯುದ್ಧಕಾಲದ ಈ ಏರ್ಪಾಟು ಶಾಂತಿಕಾಲದಲ್ಲಿ ಯಾಕಿರಬಾರದು ಎಂಬುದೇ ರಾತ್‌ಬೋನರ ಮುಂದಿನ ಪ್ರಶ್ನೆಯಾಯಿತು. 1917ರಲ್ಲಿ ಕೆಲವರು ಸಮಾನಮನಸ್ಕರನ್ನು ಕೂಡಿಸಿ ಒಂದು ಸಮಿತಿಯನ್ನು ಕಟ್ಟಿದರು. 1924ರಲ್ಲಿ ‘ದಿ ಡಿಸ್‌ಇನ್‌ಹೆರಿಟೆಡ್ ಫ್ಯಾಮಿಲಿ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಪಿತ್ರಾರ್ಜಿತದಲ್ಲಿ ಪಾಲು ತಪ್ಪಿದ ಸಂಸಾರ ಎಂಬುದು ಆ ಹೆಸರಿನ ಭಾವ.

ಆ ಗ್ರಂಥದ ತಿರುಳು ಒಂದು ಸರಳವಾದ ಲೆಕ್ಕ. ಗಂಡಸಿನ ಕೂಲಿ ಎಷ್ಟಿರಬೇಕು ಎಂದು ಕೇಳಿದಾಗಲೆಲ್ಲ ಅಂದಿನ ಪಂಡಿತರು ಐದು ಜನರ ಸಂಸಾರವನ್ನು ಮುಂದಿಡುತ್ತಿದ್ದರು: ಗಂಡ, ಹೆಂಡತಿ, ಮೂರು ಮಕ್ಕಳು. ಹೆಂಗಸರಿಗೆ ಕೂಲಿ ಕಡಮೆ ಏಕೆಂದು ಕೇಳಿದರೆ, ಗಂಡಸಿಗೆ ಸಂಸಾರವುಂಟು ಎಂಬ ಉತ್ತರ ಬರುತ್ತಿತ್ತು. ರಾತ್‌ಬೋನರು ಎಣಿಸಿ ತೋರಿಸಿದ್ದೇನೆಂದರೆ, ದುಡಿಯುವ ಗಂಡಸರಲ್ಲಿ ಸರಿಯಾಗಿ ಮೂರು ಚಿಕ್ಕ ಮಕ್ಕಳಿದ್ದವರು ನೂರಕ್ಕೆ ಸುಮಾರು 9 ಮಂದಿ ಮಾತ್ರ. ಸುಮಾರು ಅರ್ಧದಷ್ಟು ಜನರಿಗೆ ಸಾಕಬೇಕಾದ ಮಕ್ಕಳೇ ಇರಲಿಲ್ಲ. ಮೂರಕ್ಕಿಂತ ಹೆಚ್ಚು ಮಕ್ಕಳಿದ್ದವರು ನೂರಕ್ಕೆ 10ರಷ್ಟು. ಹಾಗಿದ್ದ ಮೇಲೆ ಎಲ್ಲರಿಗೂ ಒಂದೇ ‘ಸಂಸಾರದ ಕೂಲಿ’ ಕೊಟ್ಟರೆ ಇಲ್ಲದ ಮಕ್ಕಳಿಗೆ ಅನ್ನವಿಕ್ಕಿ, ಇರುವ ಮಕ್ಕಳನ್ನು ಉಪವಾಸ ಕೆಡವಿದಂತೆ. ಮಕ್ಕಳ ಖರ್ಚನ್ನು ಕೂಲಿಯಿಂದ ಬೇರ್ಪಡಿಸಿ, ಸಮಾಜವೇ ಅದನ್ನು ತಾಯಿಗೆ ಸಲ್ಲಿಸಲಿ. ಆಗ ಗಂಡಸಿಗೂ ಹೆಂಗಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಲು ಅಡ್ಡಿ ಉಳಿಯದು. ಇದು ಆಕೆಯ ವಾದ.

ವಿರೋಧಿಸಿದವರು ದುಷ್ಟರೂ ಅಲ್ಲ, ಮೂರ್ಖರೂ ಅಲ್ಲ. ಅವರ ಮಾತುಗಳನ್ನೂ ನ್ಯಾಯವಾಗಿ ಕೇಳಬೇಕು. ಹೆಂಗಸರ ಮತದ ಹಕ್ಕಿಗಾಗಿ ಜೀವಮಾನವೆಲ್ಲ ದುಡಿದಿದ್ದ ವೃದ್ಧೆ ಮಿಲಿಸೆಂಟ್ ಫಾಸೆಟ್ಟರೇ ಇದನ್ನು ಒಪ್ಪಲಿಲ್ಲ. ಮಕ್ಕಳನ್ನು ಸಾಕುವ ಹೊಣೆ ತಂದೆತಾಯಿಗಳದು. ಅದನ್ನು ಸರ್ಕಾರ ಹೊತ್ತುಕೊಂಡರೆ ಆ ಹೊಣೆಯ ಭಾವನೆ ಸಡಿಲವಾದೀತೆಂದು ಆಕೆಯ ಭಯ. ಬೊಕ್ಕಸದ ಕಡೆಯವರು ಖರ್ಚಿನ ಲೆಕ್ಕ ಹಾಕಿ ತಲೆಯಾಡಿಸಿದರು. ಹಣ ಸಿಗುವುದಾದರೆ ಬಡವರು ಮಕ್ಕಳನ್ನು ಹೆರುತ್ತಲೇ ಹೋದಾರೆಂದು ಕೆಲವರು ಹೆದರಿದರು. ಜನಸಂಖ್ಯೆ ಇಳಿಯುತ್ತಿದೆ, ಭತ್ಯೆ ಕೊಟ್ಟರೆ ಏರೀತೆಂದು ಮತ್ತೆ ಕೆಲವರು ಆಸೆಪಟ್ಟರು. ಮುಂದೆ ಭಾರತಮಂತ್ರಿಯಾಗಿ ನಮ್ಮ ಜನಕ್ಕೆ ಪರಿಚಿತರಾದ ಲಿಯೋಪೋಲ್ಡ್ ಏಮರಿಯವರೂ ಈ ಭತ್ಯೆಯ ಪರವಾಗಿದ್ದರು. ಒಂದೇ ಸಲಹೆಯ ಸುತ್ತ ಎಷ್ಟು ಬಗೆಯ ಭಯ, ಎಷ್ಟು ಬಗೆಯ ಆಸೆ!

ಎಲ್ಲಕ್ಕಿಂತ ಗಟ್ಟಿಯಾದ ವಿರೋಧ ಬಂದದ್ದು ಕಾರ್ಮಿಕ ಸಂಘಗಳಿಂದ. ಮಕ್ಕಳ ಅನ್ನವನ್ನು ಸರ್ಕಾರ ಕೊಡತೊಡಗಿದರೆ, ನಿನಗೇಕೆ ಇಷ್ಟು ಕೂಲಿ ಎಂದು ಮಾಲೀಕ ಕೇಳಲಾರನೆ? ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡಂತಾಗದೆ? ಈ ಭಯ ಬರಿಯ ಊಹೆಯಾಗಿರಲಿಲ್ಲ. 1926ರಲ್ಲಿ ಕಲ್ಲಿದ್ದಲ ಗಣಿಗಳ ವಿಚಾರವಾಗಿ ಸರ್ ಹರ್ಬರ್ಟ್ ಸ್ಯಾಮ್ಯುಯಲ್ಲರ ಆಯೋಗ ವರದಿ ಕೊಟ್ಟಾಗ, ಅದರಲ್ಲಿ ಮಕ್ಕಳ ಭತ್ಯೆಯ ಶಿಫಾರಸೂ ಇತ್ತು, ಕೂಲಿ ಇಳಿಸಬೇಕೆಂಬ ಶಿಫಾರಸೂ ಇತ್ತು. ಎರಡೂ ಒಂದೇ ಪುಸ್ತಕದೊಳಗೆ. ಇದನ್ನು ಓದಿದ ಗಣಿ ಕಾರ್ಮಿಕನಿಗೆ ಭತ್ಯೆಯ ಮೇಲೆ ನಂಬಿಕೆ ಹುಟ್ಟುವುದು ಹೇಗೆ? 1930ರಲ್ಲಿ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಮುಖಂಡ ಮಂಡಲಿಯ ಬಹುಮತ ನಗದು ಭತ್ಯೆಗೆ ವಿರುದ್ಧವಾಗಿ ನಿಂತಿತು. ಹಣಕ್ಕೆ ಬದಲಾಗಿ ಆಸ್ಪತ್ರೆ, ಶಾಲೆ ಮುಂತಾದ ಸೇವೆಗಳು ಬೆಳೆಯಲಿ ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ನಡುವೆ ಬೇರೆ ದೇಶಗಳು ಮುಂದೆ ಹೆಜ್ಜೆಯಿಟ್ಟಿದ್ದವು. 1926ರಲ್ಲಿ ನ್ಯೂಜಿಲೆಂಡು, ವರಮಾನ ಕಡಮೆಯಿದ್ದ ಮನೆಗಳಿಗೆ, ಇಬ್ಬರ ಮೇಲಿನ ಪ್ರತಿ ಮಗುವಿಗೆ ವಾರಕ್ಕೆ ಎರಡು ಷಿಲಿಂಗಿನಂತೆ ಕೊಡುವ ಕಾನೂನನ್ನು ಮಾಡಿತು. ಫ್ರಾನ್ಸಿನಲ್ಲಿ ಕಾರ್ಖಾನೆಯ ಮಾಲೀಕರೇ ಸೇರಿ ನಿಧಿಗಳನ್ನು ಕಟ್ಟಿಕೊಂಡು ಮಕ್ಕಳಿದ್ದ ಕೆಲಸಗಾರರಿಗೆ ಹೆಚ್ಚು ಕೊಡುತ್ತಿದ್ದರು. 1932ರಲ್ಲಿ ಅಲ್ಲಿನ ಕಾನೂನು ಇದನ್ನು ಕಡ್ಡಾಯ ಮಾಡಿತು. ರಾತ್‌ಬೋನರು 1929ರಲ್ಲಿ ಪಕ್ಷೇತರ ಸದಸ್ಯೆಯಾಗಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳ ಪದವೀಧರರ ಕ್ಷೇತ್ರದಿಂದ ಕಾಮನ್ಸ್ ಸಭೆಗೆ ಆರಿಸಿಬಂದರು. ಯಾವ ಪಕ್ಷದ ಬಲವೂ ಇಲ್ಲದೆ, ಎಲ್ಲ ಪಕ್ಷಗಳ ಬಾಗಿಲನ್ನೂ ತಟ್ಟುತ್ತ ಹೋದರು.

ಇಲ್ಲಿ ನಮ್ಮ ನಾಡಿಗೂ ಸಂಬಂಧಪಟ್ಟ ಒಂದು ಪ್ರಸಂಗವನ್ನು ಹೇಳಬೇಕು. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೋ ಬರೆದ ‘ಮದರ್ ಇಂಡಿಯ’ ಎಂಬ ಪುಸ್ತಕವನ್ನು ಓದಿ ರಾತ್‌ಬೋನರ ಮನಸ್ಸು ಕಲಕಿತು. ಭಾರತದ ಬಾಲ್ಯವಿವಾಹವನ್ನು ತಡೆಯಲು ತಾನು ಏನಾದರೂ ಮಾಡಲೇಬೇಕೆಂದು ಹೊರಟರು. 1929ರ ಅಕ್ಟೋಬರಿನಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಭಾರತದ ಸ್ತ್ರೀಯರ ಸ್ಥಿತಿಯನ್ನು ಕುರಿತು ಒಂದು ಸಮ್ಮೇಳನವನ್ನು ಕರೆದರು. ಮಾತನಾಡಿದವರಲ್ಲಿ ಬ್ರಿಟಿಷರೇ ಹೆಚ್ಚು. ಆಗ ಸಭೆಯಲ್ಲಿದ್ದ ಭಾರತದ ಹೆಣ್ಣುಮಗಳೊಬ್ಬರು ಎದ್ದು ನಿಂತು ಆಕ್ಷೇಪಿಸಿದರು. ನಮ್ಮ ದೇಶದ ಸಾಮಾಜಿಕ ಪ್ರಶ್ನೆಗಳನ್ನು ಲಂಡನ್ನಿನಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂಬುದು ಆಕೆಯ ಪ್ರಶ್ನೆಯ ತಾತ್ಪರ್ಯ. ಹಾಗೆ ಎದ್ದು ನಿಂತವರು ಧನವಂತಿ ರಾಮರಾವ್. 1893ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರಾದ ಬೆನೆಗಲ್ ರಾಮರಾಯರ ಪತ್ನಿ. 1949ರಲ್ಲಿ ಭಾರತದ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದವರೂ ಇವರೇ.

ಧನವಂತಿಯವರು ಬಾಲ್ಯವಿವಾಹದ ಪಕ್ಷ ವಹಿಸಿದರೆಂದು ಯಾರೂ ತಿಳಿಯಬಾರದು. ಆ ಸಮ್ಮೇಳನಕ್ಕೆ ಕೆಲವೇ ದಿನಗಳ ಮುಂಚೆ, 1929ರ ಸೆಪ್ಟೆಂಬರಿನಲ್ಲಿ, ಹೆಣ್ಣಿಗೆ 14, ಗಂಡಿಗೆ 18 ಎಂದು ಮದುವೆಯ ಕನಿಷ್ಠ ವಯಸ್ಸನ್ನು ಗೊತ್ತುಮಾಡುವ ಶಾರದಾ ಮಸೂದೆ ನಮ್ಮ ಶಾಸನಸಭೆಯಲ್ಲಿ ಅಂಗೀಕಾರವಾಗಿತ್ತು. ಅದಕ್ಕಾಗಿ ಅಖಿಲ ಭಾರತ ಮಹಿಳಾ ಸಮ್ಮೇಳನದವರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಂಥವರು, ಊರೂರಿನಲ್ಲಿ ದುಡಿದಿದ್ದರು. ಅವರನ್ನು ಬದಿಗಿಟ್ಟು ಅವರ ಪರವಾಗಿ ಮಾತನಾಡುವುದು ಸಲ್ಲದೆಂಬುದೇ ಆಕ್ಷೇಪ. ಯೋಚಿಸಿ ನೋಡಿದರೆ ಇದು ರಾತ್‌ಬೋನರದೇ ವಾದ. ಮಕ್ಕಳ ಹಣವನ್ನು ಗಂಡನ ಮೂಲಕ ಕೊಡಬೇಡಿ, ತಾಯಿಗೇ ಕೊಡಿ ಎನ್ನುತ್ತಿದ್ದವರು ಭಾರತದ ತಾಯಂದಿರ ವಿಚಾರದಲ್ಲಿ ತಾವೇ ನಡುವೆ ಬಂದು ನಿಂತಿದ್ದರು. ಅವರು 1932ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಮಹಿಳಾ ಸಂಘಗಳವರನ್ನು ಕಂಡರು. ಆಮೇಲೂ ಭಿನ್ನಾಭಿಪ್ರಾಯ ತೀರಲಿಲ್ಲ. ಆಸ್ತಿವಂತರ ಹೆಂಡಿರಿಗಾದರೂ ಮೊದಲು ಮತ ಸಿಗಲಿ ಎಂದು ಆಕೆ ವ್ಯವಹಾರದ ಮಾತಾಡಿದರೆ, ಗಂಡನ ಆಸ್ತಿಯ ಹೆಸರಿನಲ್ಲಿ ಬರುವ ಮತ ಬೇಡ, ವಯಸ್ಕರೆಲ್ಲರಿಗೂ ಮತ ಬೇಕೆಂದು ನಮ್ಮ ಮಹಿಳೆಯರು ಹಟ ಹಿಡಿದರು.

ಮತ್ತೆ ಬ್ರಿಟನ್ನಿಗೆ ಬರೋಣ. 1930ರ ದಶಕದ ನಿರುದ್ಯೋಗ ವಾದದ ದಿಕ್ಕನ್ನು ಬದಲಿಸಿತು. ಕೆಲಸ ಕಳೆದುಕೊಂಡವನಿಗೆ ಸರ್ಕಾರ ಕೊಡುತ್ತಿದ್ದ ಪರಿಹಾರದಲ್ಲಿ ಹೆಂಡತಿ ಮಕ್ಕಳ ಲೆಕ್ಕ ಸೇರಿತ್ತು. ಕೆಲಸದಲ್ಲಿದ್ದವನ ಕೂಲಿಯಲ್ಲಿ ಅದು ಸೇರಿರಲಿಲ್ಲ. ಇದರಿಂದ ಮಕ್ಕಳು ಹೆಚ್ಚಿದ್ದ ಕೂಲಿಕಾರನೊಬ್ಬ ದುಡಿದರೂ ಒಂದೇ, ಮನೆಯಲ್ಲಿ ಕುಳಿತರೂ ಒಂದೇ ಎನ್ನುವ ವಿಚಿತ್ರ ಸ್ಥಿತಿ ತಲೆದೋರಿತು. ಇತ್ತ 1936ರಲ್ಲಿ ಜಾನ್ ಬಾಯ್ಡ್ ಆರ್ ಎಂಬ ಆಹಾರ ವಿಜ್ಞಾನಿ, ದೇಶದ ಅರ್ಧದಷ್ಟು ಜನಕ್ಕೆ ಆರೋಗ್ಯಕ್ಕೆ ಸಾಲುವಷ್ಟು ಉತ್ತಮ ಆಹಾರವನ್ನು ಕೊಳ್ಳುವ ಶಕ್ತಿಯಿಲ್ಲವೆಂದು ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧ ಬಂದಾಗ ಬೆಲೆಗಳು ಏರಿದವು. ಯುದ್ಧದ ವೆಚ್ಚವನ್ನು ಹೊರುವುದು ಹೇಗೆಂದು 1940ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ಕೇನ್ಸರು, ಮಗುವೊಂದಕ್ಕೆ ವಾರಕ್ಕೆ ಐದು ಷಿಲಿಂಗು ಕೊಡಬೇಕೆಂದು ಸೂಚಿಸಿದರು.

1942ರ ಡಿಸೆಂಬರಿನಲ್ಲಿ ಸರ್ ವಿಲಿಯಂ ಬೆವರಿಜ್‌ರ ಪ್ರಸಿದ್ಧ ವರದಿ ಹೊರಬಂತು. ಬಾಂಬಿನ ಹೊಗೆಯ ನಡುವೆಯೂ ಜನ ಸಾಲುಗಟ್ಟಿ ನಿಂತು ಅದನ್ನು ಕೊಂಡರು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಗೆಲ್ಲುವ ಯೋಜನೆಯದು. ಆ ಯೋಜನೆ ನಿಲ್ಲಬೇಕಾದರೆ ಮೂರು ಅಡಿಪಾಯಗಳು ಬೇಕೆಂದು ಬೆವರಿಜ್ ಹೇಳಿದರು. ಅವುಗಳಲ್ಲಿ ಮೊದಲನೆಯದೇ ಮಕ್ಕಳ ಭತ್ಯೆ. ಉಳಿದ ಎರಡು, ಎಲ್ಲರಿಗೂ ವೈದ್ಯಸೇವೆ ಮತ್ತು ಎಲ್ಲರಿಗೂ ಕೆಲಸ. ಹದಿನೆಂಟು ವರ್ಷಗಳ ಹಿಂದೆ ರಾತ್‌ಬೋನರ ಗ್ರಂಥವನ್ನು ಓದಿಯೇ ಬೆವರಿಜ್ ಈ ಪಕ್ಷಕ್ಕೆ ಬಂದಿದ್ದರು. ಅದೇ 1942ರಲ್ಲಿ ಕಾರ್ಮಿಕ ಸಂಘಗಳೂ ತಮ್ಮ ನಿಲುವನ್ನು ಬದಲಿಸಿದವು. ವರದಿಯಲ್ಲಿ ಮಗುವಿಗೆ ಎಂಟು ಷಿಲಿಂಗು ಎಂದಿತ್ತು. ಸರ್ಕಾರ ಅದನ್ನು ಐದಕ್ಕೆ ಇಳಿಸಿ, ಉಳಿದದ್ದು ಶಾಲೆಯ ಊಟ, ಹಾಲುಗಳ ರೂಪದಲ್ಲಿ ಸಲ್ಲುವುದೆಂದಿತು.

ಹೀಗೆ 1945ರ ಮಸೂದೆ ಸಿದ್ಧವಾಯಿತು. ಅದನ್ನು ತೆರೆದು ನೋಡಿದರೆ, ಅಂಚೆ ಕಚೇರಿಗೆ ಹೋಗಿ ಹಣವನ್ನು ತರುವ ಕೆಲಸವನ್ನು ತಾಯಿಯೂ ಮಾಡಬಹುದಿತ್ತು, ಆದರೆ ಹಣ ತಂದೆಯದು ಎಂದೇ ಬರೆದಿತ್ತು. ಆಕ್ಸ್‌ಫರ್ಡಿನ ಗೃಹಿಣಿಯ ಗತಿಯೇನಾಯಿತೆಂಬುದು ಎರಡು ವರ್ಷದ ಹಿಂದಿನ ಮಾತು. ತರುವವಳು ಒಬ್ಬಳು, ಒಡೆಯ ಇನ್ನೊಬ್ಬನಾದರೆ ನಾಳೆ ವ್ಯಾಜ್ಯ ಬಂದಾಗ ಕಾನೂನು ಯಾರ ಕಡೆ ನಿಲ್ಲುವುದೆಂಬುದು ಎಲ್ಲರಿಗೂ ತಿಳಿದಿತ್ತು. 72 ವರ್ಷದ ರಾತ್‌ಬೋನರು ಸಭೆಯಲ್ಲಿ ಎದ್ದು, ಇದು ಹೀಗೆಯೇ ಉಳಿದರೆ ತಾನು ಮಸೂದೆಯ ವಿರುದ್ಧವೇ ಮತ ಹಾಕುವೆನೆಂದರು. ಮೂವತ್ತು ವರ್ಷ ಯಾವುದಕ್ಕಾಗಿ ದುಡಿದರೋ ಅದನ್ನೇ ಕೈಬಿಡಲು ಸಿದ್ಧರಾದರು. ಮಹಿಳಾ ಸಂಘಗಳ ನಿಯೋಗಗಳು ಬಂದವು. ಎಲ್ಲ ಪಕ್ಷಗಳ ಸದಸ್ಯರೂ ಆಕೆಯ ಬೆಂಬಲಕ್ಕೆ ನಿಂತರು. ಸರ್ಕಾರ ಈ ಒಂದು ಅಂಶವನ್ನು ಸದಸ್ಯರ ಮನಸ್ಸಾಕ್ಷಿಗೆ ಬಿಟ್ಟಿತು. ಸಭೆ ತಾಯಿಯ ಪಕ್ಷ ವಹಿಸಿತು. 1945ರ ಜೂನ್ 15ರಂದು ಕಾನೂನಾದಾಗ ಭತ್ಯೆ ತಾಯಿಗೆ ಸೇರಿದ್ದೆಂದು ಅದರಲ್ಲಿ ಬರೆದಿತ್ತು.

ಅದರ ಫಲವನ್ನು ನೋಡಲು ರಾತ್‌ಬೋನರು ಉಳಿಯಲಿಲ್ಲ. 1946ರ ಜನವರಿ 2ರಂದು ತೀರಿಕೊಂಡರು. ಅದೇ ವರ್ಷದ ಆಗಸ್ಟ್ 6, ಮಂಗಳವಾರ, ಭತ್ಯೆಯ ಮೊದಲ ಕಂತು ಸಂದಾಯವಾಯಿತು. ತಾಯಂದಿರು ಭತ್ಯೆಯ ಪುಸ್ತಕವನ್ನು ಹಿಡಿದು ಅಂಚೆ ಕಚೇರಿಗೆ ಹೋದರು. ವಾರಕ್ಕೊಮ್ಮೆ ಮಂಗಳವಾರ ಬಂತೆಂದರೆ ಭತ್ಯೆಯ ದಿನ ಎಂಬ ರೂಢಿ ಅಲ್ಲಿನ ಮನೆಗಳಲ್ಲಿ ಬಹುಕಾಲ ನಿಂತಿತು.

ಆದರೂ ಜಗಳ ಅಲ್ಲಿಗೇ ಮುಗಿಯಲಿಲ್ಲ. ಮಕ್ಕಳಿದ್ದ ತಂದೆಗೆ ವರಮಾನ ತೆರಿಗೆಯಲ್ಲಿ ಬೇರೊಂದು ರಿಯಾಯಿತಿ ಸಿಗುತ್ತಿತ್ತು. ಅದನ್ನೂ ಹಳೆಯ ಭತ್ಯೆಯನ್ನೂ ಒಂದುಗೂಡಿಸಿ, ಮೊದಲ ಮಗುವನ್ನೂ ಸೇರಿಸಿ, ಎಲ್ಲವನ್ನೂ ತಾಯಿಗೇ ಕೊಡುವ ಕಾನೂನು 1975ರಲ್ಲಿ ಆಯಿತು. ಗಂಡಸರ ಸಂಬಳದ ಲಕೋಟೆ ತೆಳ್ಳಗಾದೀತು, ಅವರು ಕೋಪಗೊಂಡಾರು ಎಂಬ ಅಂಜಿಕೆಯಿಂದ 1976ರಲ್ಲಿ ಮಂತ್ರಿಮಂಡಲ ಅದನ್ನು ಮುಂದೂಡಲು ಹೊರಟಿತು. ಆ ಗುಟ್ಟು ಪತ್ರಿಕೆಯಲ್ಲಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು. ಕೊನೆಗೆ 1977ರಿಂದ 1979ರವರೆಗೆ ಹಂತಹಂತವಾಗಿ ಅದು ಜಾರಿಗೆ ಬಂತು. ಎಂದರೆ ಗಂಡನ ಜೇಬಿನಿಂದ ಹೆಂಡತಿಯ ಚೀಲಕ್ಕೆ ಒಂದಿಷ್ಟು ಹಣ ಸ್ಥಳ ಬದಲಾಯಿಸಿತು. ಹಣ ಅದೇ ಮನೆಯದು. ಹಾಗಿದ್ದಮೇಲೆ ಏನು ವ್ಯತ್ಯಾಸವಾದೀತು ಎಂದು ಯಾರಾದರೂ ಕೇಳಬಹುದು. 1997ರಲ್ಲಿ ಲುಂಡ್‌ಬರ್ಗ್, ಪೊಲಾಕ್, ವೇಲ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಆ ಕಾಲದ ಮನೆಖರ್ಚಿನ ಅಂಕಿಗಳನ್ನು ಪರಿಶೀಲಿಸಿ ಉತ್ತರ ಕೊಟ್ಟರು. ಬದಲಾವಣೆಯ ನಂತರ, ಗಂಡಸರ ಬಟ್ಟೆಬರೆಗೆ ಆಗುತ್ತಿದ್ದ ಖರ್ಚಿಗೆ ಹೋಲಿಸಿದರೆ ಮಕ್ಕಳ ಮತ್ತು ಹೆಂಗಸರ ಬಟ್ಟೆಗೆ ಆಗುವ ಖರ್ಚು ಏರಿತ್ತು. ಲಿವರ್‌ಪೂಲಿನ ಕೇರಿಗಳಲ್ಲಿ ಮಕ್ಕಳ ಕಾಲಿನ ಬೂಟನ್ನು ನೋಡಿ ರಾತ್‌ಬೋನರು ಹೇಳಿದ್ದ ಮಾತು ಅಂಕಿಗಳಲ್ಲಿಯೂ ಕಂಡುಬಂತು.

ಈಗ ನಮ್ಮ ನಾಡಿನ ಕಡೆಗೆ ಒಮ್ಮೆ ತಿರುಗಿ ನೋಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ, ಪಡಿತರ ಚೀಟಿಯ ಮಟ್ಟಿಗೆ, ಹದಿನೆಂಟು ತುಂಬಿದ ಹಿರಿಯ ಹೆಂಗಸನ್ನೇ ಮನೆಯ ಯಜಮಾನಿ ಎಂದು ಎಣಿಸಬೇಕೆಂದು ಹೇಳಿತು. ಹಿಂದಿನಿಂದ ಗಂಡಸಿನ ಹೆಸರನ್ನೇ ಮೇಲೆ ಬರೆಯುತ್ತ ಬಂದ ನಮಗೆ ಇದು ಸಣ್ಣ ಮಾತಲ್ಲ. ಇದೇ ಯಜಮಾನಿಯ ಹೆಸರನ್ನು ಆಧಾರವಾಗಿ ಹಿಡಿದು, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿತು. ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಯ ಬ್ಯಾಂಕಿನ ಖಾತೆಗೆ ಎಂಬುದು ಆ ಯೋಜನೆ. ಬ್ರಿಟನ್ನಿನದು ಮಕ್ಕಳ ಲೆಕ್ಕದ ಹಣ, ನಮ್ಮದು ಮನೆಯ ಲೆಕ್ಕದ ಹಣ. ಎರಡೂ ಒಂದೇ ಎನ್ನಲಾಗದು. ಆದರೆ ಅದರ ಸುತ್ತ ಎದ್ದ ಮಾತುಗಳನ್ನು ಕೇಳಿದವರಿಗೆ ಹಳೆಯ ದನಿಗಳೇ ಮರುಕಳಿಸಿದಂತೆ ತೋರಿರಬಹುದು. ಬೊಕ್ಕಸ ತಾಳೀತೆ? ಜನ ಸೋಮಾರಿಗಳಾದಾರೆ? ಹಣಕ್ಕಿಂತ ಶಾಲೆ ಆಸ್ಪತ್ರೆಗಳು ಮೇಲಲ್ಲವೆ?

ಇವೆಲ್ಲ ಕೇಳತಕ್ಕ ಪ್ರಶ್ನೆಗಳೇ. ಕಾರ್ಮಿಕ ಸಂಘಗಳ ಭಯದಲ್ಲಿ ಸತ್ಯವಿದ್ದಂತೆ ಇವುಗಳಲ್ಲಿಯೂ ಸತ್ಯವಿದೆ. ಖರ್ಚಿಗೆ ಬರುವ ಹಣ ಎಲ್ಲಿಂದ ಬರುವುದೆಂದು ಕೇಳುವುದು ಪ್ರಜೆಯ ಕರ್ತವ್ಯ. ಆದರೆ ನಮ್ಮಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತು. ಬ್ರಿಟನ್ನಿನ ಪಾರ್ಲಿಮೆಂಟಿಗೆ ಅದು ಹೊಳೆದಿರಲಾರದು. ಒಂದೇ ಒಲೆಯ ಮನೆಯಲ್ಲಿ ಅತ್ತೆಯೂ ಇದ್ದಾಳೆ, ಸೊಸೆಯೂ ಇದ್ದಾಳೆ. ಹಣ ಯಾರ ಖಾತೆಗೆ? ಪಡಿತರ ಚೀಟಿಯಲ್ಲಿ ಯಾರ ಹೆಸರು ಯಜಮಾನಿಯೆಂದಿದೆಯೋ ಅವರಿಗೆ ಎಂದು ನಿಯಮ ಹೇಳಿತು. ಪತ್ರಿಕೆಗಳಲ್ಲಿ, ಬಸ್ಸುಗಳಲ್ಲಿ, ಮನೆಯ ಜಗುಲಿಗಳಲ್ಲಿ ಜನ ಇದನ್ನು ನಗೆಯಾಡುತ್ತ ಚರ್ಚಿಸಿದರು. ನಗೆಯ ಕೆಳಗೆ ಇದ್ದದ್ದು ಮಾತ್ರ ಗಂಭೀರವಾದ ವಿಷಯ. ಮನೆ ಎಂಬುದು ಒಂದೇ ಕೈಯಲ್ಲ, ಅದರೊಳಗೆ ಹಲವು ಕೈಗಳಿವೆ. ಮನೆಗೆ ಕೊಟ್ಟೆವು ಎಂದಾಗ ಯಾವ ಕೈಗೆ ಕೊಟ್ಟೆವು ಎಂದೂ ಹೇಳಬೇಕಾಗುತ್ತದೆ.

ಸಮಾಜದ ಹಿತಕ್ಕೆಂದು ಮಾಡುವ ಕಾನೂನುಗಳ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಮೊತ್ತದ ಮೇಲೆಯೇ ಜಗಳವಾಡುತ್ತೇವೆ. ಎಷ್ಟು ಕೋಟಿ, ಎಷ್ಟು ಮಂದಿ, ಎಷ್ಟು ದಿನ? ಹೆಸರಿನ ಕಾಲಮ್ಮನ್ನು ಗುಮಾಸ್ತರಿಗೆ ಬಿಟ್ಟುಬಿಡುತ್ತೇವೆ. ರಾತ್‌ಬೋನರು ಐದು ಷಿಲಿಂಗು ಕಡಮೆಯಾಯಿತೆಂದು ಗೊಣಗಿಕೊಂಡರೂ ಅದಕ್ಕಾಗಿ ಮಸೂದೆಯನ್ನು ಬಿಡಲು ಹೊರಡಲಿಲ್ಲ. ಹೆಸರಿಗಾಗಿ ಹೊರಟರು. ಮುಂದಿನ ಸಲ ಯಾವುದಾದರೂ ಯೋಜನೆಯ ಅರ್ಜಿ ನಮ್ಮ ಮನೆಗೆ ಬಂದಾಗ, ಮೊತ್ತವನ್ನು ನೋಡುವ ಮೊದಲು ಮೇಲಿನ ಸಾಲನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ಅಲ್ಲಿ ಯಾರ ಹೆಸರನ್ನು ಕೇಳಿದ್ದಾರೆ? ಬರೆಯುವವರು ಯಾರು? ಮತ್ತು, ಆ ಹೆಸರಿನವರನ್ನು ಒಂದು ಮಾತು ಕೇಳಿದ್ದೇವೆಯೆ?